ಮೇಯಿಸಿದ ಕಾವಲಿನ ಮಣ್ಣಲ್ಲಿ ಏನು ಉಳಿಯುತ್ತದೆ?

(ಉಪನ್ಯಾಸದ ಬರಹ ರೂಪ)

ದನ-ಕುರಿ ಮೇಯಿಸಿದರೆ ಹುಲ್ಲುಗಾವಲಿನ ಮಣ್ಣು ಕೆಡುತ್ತದೆಯೇ, ಸುಧಾರಿಸುತ್ತದೆಯೇ? ಬೇಲಿ ಹಾಕಿ ದನಗಳನ್ನು ಹೊರಗಟ್ಟಿದರೆ ಸಾಕು ಎನ್ನುವವರಿದ್ದಾರೆ. ದನ ಹೆಚ್ಚಿದಷ್ಟೂ ಸಗಣಿ ಹೆಚ್ಚು, ಸಗಣಿ ಹೆಚ್ಚಿದಷ್ಟೂ ಮಣ್ಣಿಗೆ ಕಸುವು ಎನ್ನುವವರೂ ಇದ್ದಾರೆ. ಇಬ್ಬರ ಮಾತಿಗೂ ಸಾಕ್ಷಿಯಾಗುವ ಜಾಗಗಳು ಸಿಗುತ್ತವೆ, ಹಾಗಾಗಿಯೇ ಈ ವಾದ ಮುಗಿಯುತ್ತಿಲ್ಲ. ಮಣ್ಣಿನ ಸಾವಯವ ಅಂಶ ಏರುವುದೋ ಇಳಿಯುವುದೋ ಮುಖ್ಯವಾಗಿ ಎರಡು ಸಂಗತಿಗಳ ಮೇಲೆ ನಿಂತಿದೆ. ಒಮ್ಮೆ ಮೇಯ್ದ ಹುಲ್ಲಿಗೆ ಮತ್ತೆ ಎಲೆ ಬಿಟ್ಟು ಬೇರು ಚಾಚಲು ಎಷ್ಟು ದಿನ ಸಿಕ್ಕಿತು ಎಂಬುದು ಒಂದು. ತಿಂದ ಹುಲ್ಲಿನ ಸಗಣಿ ಎಲ್ಲಿ ಬಿತ್ತು ಎಂಬುದು ಇನ್ನೊಂದು. ದನಗಳ ಸಂಖ್ಯೆಯೂ ಮುಖ್ಯ, ಆದರೆ ಅದರ ಪರಿಣಾಮ ಕಾಣುವುದು ಈ ಎರಡರ ಮೂಲಕ.

ನಮ್ಮ ಕಣ್ಣೆದುರಿಗಿರುವ ಉದಾಹರಣೆ ಅಮೃತಮಹಲ್ ಕಾವಲುಗಳು. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಒಣ ಬಯಲಿನಲ್ಲಿ ಹರಡಿಕೊಂಡಿದ್ದ ಈ ಹುಲ್ಲುಗಾವಲುಗಳನ್ನು ಮೈಸೂರು ಅರಸರು ತಮ್ಮ ದನಗಳಿಗಾಗಿ ಮೀಸಲಿಟ್ಟಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ‘ಬೆಣ್ಣೆ ಚಾವಡಿ’ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮೀರಿದ್ದ ಈ ನೆಲದಲ್ಲಿ ಈಗ ಉಳಿದಿರುವುದು ಸಣ್ಣ ಪಾಲು. ಇಲ್ಲಿ ನಮಗೆ ಬೇಕಾದದ್ದು ಅರಮನೆಯ ಇತಿಹಾಸವಲ್ಲ, ಆಗಿನ ಮೇಯಿಸುವ ಕ್ರಮ. ಕಾವಲುಗಳನ್ನು ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು ಎಂದು ಬೇರೆ ಬೇರೆ ಮಾಡಿದ್ದರು. ನೆರಳೂ ಕೆರೆಯಂಗಳದ ಹಸಿರೂ ಇರುವ ಜಾಗ ಬೇಸಿಗೆಗೆ. ದನ ಒಂದೆಡೆ ಇದ್ದಾಗ ಉಳಿದ ಕಾವಲುಗಳಿಗೆ ಬಿಡುವು. ಮಣ್ಣಿನ ದೃಷ್ಟಿಯಿಂದ ಈ ಬಿಡುವಿನ ಬೆಲೆ ಎಷ್ಟು ಎಂದು ನೋಡೋಣ.

ಲೆಕ್ಕ ಇರುವುದು ನೆಲದ ಕೆಳಗೆ

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಸಾವಯವ ಇಂಗಾಲ’ ಎಂದು ಬರೆದಿರುತ್ತಾರೆ. ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದರಾಚೆ ಹೆಚ್ಚು. ಆ ಸಂಖ್ಯೆಯನ್ನು 1.72ರಿಂದ ಗುಣಿಸಿದರೆ ಸಾವಯವ ಪದಾರ್ಥದ ಅಂದಾಜು ಸಿಗುತ್ತದೆ, ಏಕೆಂದರೆ ಅದರಲ್ಲಿ ಇಂಗಾಲದ ಪಾಲು ಸುಮಾರು ಶೇ. 58.

ಶೇ. 0.6 ಎಂದರೆ ಜುಜುಬಿ ಎನಿಸಬಹುದು. ಒಂದು ಹೆಕ್ಟೇರಿನ ಮೇಲಿನ 30 ಸೆಂ.ಮೀ. ಮಣ್ಣು, ಅಂದರೆ ಒಂದಡಿ ಆಳದ ಪದರ, 3,000 ಘನ ಮೀಟರ್. ಒಂದು ಘನ ಮೀಟರ್ ಮಣ್ಣು 1.4 ಟನ್ ತೂಗಿದರೆ ಒಟ್ಟು 4,200 ಟನ್. ಅದರ ಶೇ. 0.6 ಎಂದರೆ 25 ಟನ್ ಇಂಗಾಲ, ಎಕರೆಗೆ ಸುಮಾರು 10 ಟನ್. ಅದೇ ಎಕರೆಯಲ್ಲಿ ಮಳೆಗಾಲದ ಕೊನೆಗೆ 800 ಕೆಜಿ ಒಣಹುಲ್ಲು ನಿಂತಿದೆ ಎಂದುಕೊಳ್ಳಿ. ಅದರಲ್ಲಿರುವ ಇಂಗಾಲ 350 ಕೆಜಿ ಆಸುಪಾಸು. ಕಣ್ಣಿಗೆ ಕಾಣುವ ಹುಲ್ಲಿನ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಇಂಗಾಲ ಕಾಲಡಿಯಲ್ಲಿದೆ.

ಅದೆಲ್ಲ ಒಂದೇ ಬಗೆಯದಲ್ಲ. ಅರ್ಧ ಕೊಳೆತ ಬೇರು, ಎಲೆಯ ಚೂರು, ಸಗಣಿಯ ನಾರು ಒಂದು ಬಗೆ. ಇದು ಹಗುರ, ಕೆಲವು ವರ್ಷಗಳಲ್ಲಿ ಕರಗಿಹೋಗುತ್ತದೆ. ಸೂಕ್ಷ್ಮಜೀವಿಗಳು ತಿಂದು, ಸತ್ತು, ಅವುಗಳ ದೇಹದ ಪದಾರ್ಥ ಜೇಡಿಯ ಕಣಗಳಿಗೆ ಅಂಟಿಕೊಂಡದ್ದು ಇನ್ನೊಂದು ಬಗೆ. ಇದು ದಶಕಗಟ್ಟಲೆ, ಕೆಲವೊಮ್ಮೆ ಶತಮಾನಗಟ್ಟಲೆ ಉಳಿಯುತ್ತದೆ. ಪ್ರಯೋಗಾಲಯದಲ್ಲಿ 53 ಮೈಕ್ರಾನ್ ಜರಡಿಯಿಂದ ಇವೆರಡನ್ನು ಬೇರ್ಪಡಿಸುತ್ತಾರೆ. ಅತಿಯಾಗಿ ಮೇಯಿಸಿದಾಗ ಮೊದಲು ಖಾಲಿಯಾಗುವುದು ಹಗುರವಾದದ್ದು. ಒಟ್ಟು ಇಂಗಾಲದ ಸಂಖ್ಯೆ ಇನ್ನೂ ಇಳಿಯದಿದ್ದರೂ ಜರಡಿಯ ಮೇಲೆ ಉಳಿಯುವ ಪಾಲು ತಗ್ಗಿದ್ದರೆ ಕಾವಲು ಇಳಿಮುಖವಾಗಿದೆ ಎಂದೇ ತಿಳಿಯಬೇಕು.

ಬೇರು ನಿಂತರೆ

ಎಲೆ ಕಳೆದುಕೊಂಡ ಹುಲ್ಲು ಮೊದಲು ಎಲೆಯನ್ನೇ ಮತ್ತೆ ಕಟ್ಟಿಕೊಳ್ಳುತ್ತದೆ. ಅಲ್ಲಿಯವರೆಗೆ ಬೇರಿಗೆ ಹೋಗುವ ಆಹಾರ ಕಡಿಮೆ. ಅಮೆರಿಕದ ಕೃಷಿ ಇಲಾಖೆಯ ಕ್ರೈಡರ್ 1955ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಇಂದಿಗೂ ಒಳ್ಳೆಯ ಆಧಾರ. ಎಲೆಯ ಅರ್ಧದಷ್ಟನ್ನು ಕತ್ತರಿಸಿದಾಗ ಬೇರುಗಳ ಪೈಕಿ ಬೆಳವಣಿಗೆ ನಿಲ್ಲಿಸಿದ್ದು ಶೇ. 2ರಿಂದ 4 ಮಾತ್ರ. ಶೇ. 60 ಕತ್ತರಿಸಿದರೆ ಅರ್ಧ ಬೇರುಗಳು ನಿಂತವು. ಶೇ. 70ಕ್ಕೆ 78ರಷ್ಟು, ಶೇ. 80 ಕತ್ತರಿಸಿದಾಗ ಎಲ್ಲ ಬೇರುಗಳೂ ನಿಂತೇಬಿಟ್ಟವು. ಅದು ಬೇರೆ ದೇಶದ ಹುಲ್ಲು, ಕತ್ತರಿಯಿಂದ ಕತ್ತರಿಸಿದ್ದು. ಈ ಅಂಕಿಗಳು ನಮ್ಮ ಹುಲ್ಲಿಗೆ ಹಾಗೆಯೇ ಹೊಂದುವುದಿಲ್ಲ. ಆದರೆ ಅರ್ಧ ದಾಟಿದ ಮೇಲೆ ನಷ್ಟ ಏಕಾಏಕಿ ಏರುತ್ತದೆ ಎಂಬುದನ್ನು ಮೇಯಿಸುವವರು ಮರೆಯುವಂತಿಲ್ಲ.

ಎಲೆಯ ತರಗಿಗಿಂತ ಬೇರು ಮಣ್ಣಿಗೆ ಹೆಚ್ಚು ಬೆಲೆಯುಳ್ಳದ್ದು. ಒಣ ಸೀಮೆಯಲ್ಲಿ ಮೇಲೆ ಬಿದ್ದ ತರಗು ಬಿಸಿಲಿಗೆ ಪುಡಿಯಾಗಿ, ಗೆದ್ದಲಿಗೆ ಆಹಾರವಾಗಿ, ಗಾಳಿಗೆ ಹಾರಿ ಹೋಗುತ್ತದೆ. ಬೇರು ಜೇಡಿ ಕಣಗಳ ನಡುವೆಯೇ ಹುಟ್ಟಿ ಅಲ್ಲೇ ಸಾಯುತ್ತದೆ, ಬದುಕಿರುವಾಗಲೂ ಸಕ್ಕರೆಯಂಶ ಸ್ರವಿಸಿ ಸೂಕ್ಷ್ಮಜೀವಿಗಳನ್ನು ಸಾಕುತ್ತದೆ. ಮೊದಲ ಮಳೆಗೆ ಚಿಗುರಿದ ಎರಡು ಬೆರಳು ಎತ್ತರದ ಹುಲ್ಲನ್ನು ಕುರಿ ದಿನಾ ಕಚ್ಚುತ್ತಿದ್ದರೆ ಆ ವರ್ಷದ ಬೇರೇ ಇಲ್ಲದಂತಾಗುತ್ತದೆ. ಇಂಥ ಕಡೆ ಸಲಿಕೆಯಿಂದ ಒಂದು ಹೆಂಟೆ ಎತ್ತಿ ಒಡೆದು ನೋಡಿ: ಬೇರೆಲ್ಲ ಮೇಲಿನ ಮೂರು-ನಾಲ್ಕು ಬೆರಳಿನೊಳಗೇ ಹೆಣೆದುಕೊಂಡಿದ್ದು, ಕೆಳಗಿನ ಮಣ್ಣು ಇಟ್ಟಿಗೆಯ ಚೂರಿನಂತೆ ಸೀಳುತ್ತದೆ. ಬಿಡುವು ಸಿಕ್ಕ ಜಾಗದ ಹೆಂಟೆ ಒಡೆದರೆ ಹುರುಳಿಕಾಳಿನಷ್ಟು ದಪ್ಪದ ಹರಳು ಹರಳಾಗಿ ಉದುರುತ್ತದೆ, ಬಿಳಿ ಬೇರು ಕೊನೆಯವರೆಗೂ ಕಾಣುತ್ತದೆ.

ಎಲ್ಲ ಹುಲ್ಲೂ ಮೇಯಿಸುವಿಕೆಗೆ ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲ. ಜೋಳ, ರಾಗಿಯಂತೆ ಬಿಸಿಲಿಗೆ ಒಗ್ಗಿದ ಹುಲ್ಲುಗಳನ್ನು ಸಿ4 ಎನ್ನುತ್ತಾರೆ, ಗೋಧಿಯಂತೆ ತಂಪು ಬಯಸುವವು ಸಿ3. ಜಗತ್ತಿನ ಹಲವು ಕಡೆಯ ಅಧ್ಯಯನಗಳನ್ನು ಕೂಡಿಸಿ ಮೆಕ್‌ಶೆರಿ ಮತ್ತು ರಿಚಿ 2013ರಲ್ಲಿ ತೋರಿಸಿದಂತೆ, ಮೇಯಿಸುವ ತೀವ್ರತೆ ಹೆಚ್ಚಿದಾಗ ಸಿ4 ಮತ್ತು ಮಿಶ್ರ ಹುಲ್ಲುಗಾವಲುಗಳಲ್ಲಿ ಮಣ್ಣಿನ ಇಂಗಾಲ ಶೇ. 6-7 ಏರಿತ್ತು, ಸಿ3 ಹುಲ್ಲುಗಾವಲುಗಳಲ್ಲಿ ಸರಾಸರಿ ಶೇ. 18 ಇಳಿದಿತ್ತು. ನಮ್ಮ ಬಯಲುಸೀಮೆಯ ಗರಿಕೆ, ಅಂಜನ್, ಹಂಚಿಕಡ್ಡಿ ಹುಲ್ಲು ಎಲ್ಲವೂ ಸಿ4. ಇದನ್ನು ಓದಿ ‘ನಮಗೆ ಚಿಂತೆಯಿಲ್ಲ’ ಎಂದುಕೊಳ್ಳುವುದು ತಪ್ಪು. ಅದು ಹುಲ್ಲು ಇನ್ನೂ ಹುಲ್ಲಾಗಿ ಉಳಿದಿರುವ ಕಾವಲಿನ ಮಾತು. ಊರಿನ ಪಕ್ಕದ ಗೋಮಾಳದಲ್ಲಿ ದನ ಮುಟ್ಟದ ತಗಚೆ, ತಂಗಡಿ, ಕಾಂಗ್ರೆಸ್ ಗಿಡ ತುಂಬಿ ನಡುವೆ ಬೋಳು ನೆಲ ಕಾಣುತ್ತಿದ್ದರೆ ಅಲ್ಲಿ ಆ ಸರಾಸರಿಗೆ ಅರ್ಥವಿಲ್ಲ. ಬೋಳು ನೆಲಕ್ಕೆ ಬಿದ್ದ ಮಳೆ ಕೆಂಪು ಮಣ್ಣಿನ ಮೇಲೆ ತೆಳು ಹೆಪ್ಪು ಕಟ್ಟಿಸುತ್ತದೆ, ನೀರು ಇಂಗದೆ ಹರಿಯುತ್ತದೆ, ಹರಿವಾಗ ಅತಿ ನಯವಾದ, ಸಾವಯವ ಅಂಶ ಹೆಚ್ಚಿರುವ ಮೇಲ್ಮಣ್ಣನ್ನೇ ಮೊದಲು ಹೊತ್ತೊಯ್ಯುತ್ತದೆ. ಸವಕಳಿಯಿಂದಾಗುವ ಈ ನಷ್ಟವೇ ಎಷ್ಟೋ ಗೋಮಾಳಗಳಲ್ಲಿ ಮೇವಿನ ನಷ್ಟಕ್ಕಿಂತ ದೊಡ್ಡದು.

ಸಗಣಿ ಎಲ್ಲಿ ಬೀಳುತ್ತದೆ

250 ಕೆಜಿ ತೂಕದ ಒಂದು ಹಸು ದಿನಕ್ಕೆ ತನ್ನ ತೂಕದ ಶೇ. 2.5, ಅಂದರೆ ಆರೂಕಾಲು ಕೆಜಿ ಒಣಮೇವು ತಿನ್ನುತ್ತದೆ. ನಮ್ಮ ಒಣಹುಲ್ಲಿನಲ್ಲಿ ಜೀರ್ಣವಾಗುವುದು ಅರ್ಧ ಅಥವಾ ಸ್ವಲ್ಪ ಹೆಚ್ಚು. ಉಳಿದ ಎರಡೂವರೆ-ಮೂರು ಕೆಜಿ, ಒಣ ತೂಕದ ಲೆಕ್ಕದಲ್ಲಿ, ಸಗಣಿಯಾಗಿ ಹೊರಬರುತ್ತದೆ. ಜೀರ್ಣವಾದ ಇಂಗಾಲದ ಬಹುಪಾಲು ಉಸಿರಾಗಿಯೂ ಮೀಥೇನ್ ಆಗಿಯೂ ಹೋಗುತ್ತದೆ. ಸಾರಜನಕದ ಕತೆ ಬೇರೆ: ತಿಂದದ್ದರಲ್ಲಿ ಮುಕ್ಕಾಲು ಭಾಗ ಅಥವಾ ಇನ್ನೂ ಹೆಚ್ಚು ಸಗಣಿ-ಗಂಜಲದಲ್ಲಿ ವಾಪಸಾಗುತ್ತದೆ.

ವಾಪಸಾಗುವುದು ಎಲ್ಲಿಗೆ? ಹಗಲಿಡೀ ಕಾವಲಿನಲ್ಲಿ ಮೇಯ್ದ ದನ ರಾತ್ರಿ ಕೊಟ್ಟಿಗೆಯಲ್ಲಿ ಮಲಗುತ್ತದೆ. ಕಾವಲಿನಲ್ಲಿ ಬಿದ್ದ ಸಗಣಿಯನ್ನೂ ಬೆರಣಿಗೆಂದು ಆರಿಸಿ ತರುತ್ತಾರೆ. ಬೇಸಿಗೆಯಲ್ಲಿ ಕುರಿಗಾಹಿಗಳು ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಾರೆ. ನೂರು ಕುರಿಯ ಮಂದೆ ಒಂದು ರಾತ್ರಿಗೆ 40-50 ಕೆಜಿ ಹಸಿ ಹಿಕ್ಕೆಯನ್ನೂ ಅದರ ಜೊತೆ ಗಂಜಲವನ್ನೂ ಹೊಲಕ್ಕೆ ಕೊಡುತ್ತದೆ. ಹೊಲಕ್ಕೆ ಇದು ಒಳ್ಳೆಯದೇ, ಈ ಪದ್ಧತಿಯನ್ನು ಹೀಗಳೆಯುವ ಕಾರಣವಿಲ್ಲ. ಆದರೆ ಕಾವಲಿನ ಕಡೆಯಿಂದ ನೋಡಿದರೆ ನೂರಾರು ವರ್ಷಗಳಿಂದ ಸಾರಜನಕ, ರಂಜಕ ಒಂದೇ ದಿಕ್ಕಿಗೆ ಹೋಗುತ್ತಿವೆ. ಮಣ್ಣಿನಲ್ಲಿ ಸ್ಥಿರವಾದ ಸಾವಯವ ಪದಾರ್ಥ ಕಟ್ಟಿಕೊಳ್ಳಬೇಕಾದರೆ ಹತ್ತು-ಹನ್ನೆರಡು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಒಂದು ಟನ್ ಇಂಗಾಲ ಕೂಡಿಡಲು 80ರಿಂದ 100 ಕೆಜಿ ಸಾರಜನಕ! ಅದು ಸಿಗದಿದ್ದರೆ ಎಷ್ಟು ಬೇರು ಕೊಳೆತರೂ ಇಂಗಾಲ ಗಾಳಿಗೆ ಹೋಗುತ್ತದೆ. ಅದಕ್ಕೇ ಕಾವಲಿನಲ್ಲಿ ಹುಲ್ಲಿನ ನಡುವೆ ತಾನಾಗಿ ಹುಟ್ಟುವ ದ್ವಿದಳ ಜಾತಿಯ ಸಣ್ಣ ಗಿಡಗಳು ಬಹಳ ಮುಖ್ಯ. ಅವು ಬೀಜ ಉದುರಿಸುವವರೆಗೆ ಕಾಯಬೇಕು.

ಸ್ಟೈಲೋ ಎಂಬ ದ್ವಿದಳ ಮೇವಿನ ಗಿಡವನ್ನು ಬಿತ್ತಬಹುದೇ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಹುಲ್ಲು ಪೂರ್ತಿ ಹೋದ ಗೋಮಾಳದಲ್ಲಿ ಬಿತ್ತಬಹುದು: ಬೀಜದ ಸಿಪ್ಪೆ ಗಟ್ಟಿ, 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ಮಳೆ ಹಿಡಿದ ಮೇಲೆ ಮಣ್ಣಿನ ಮೇಲ್ಪದರದಲ್ಲೇ ಚೆಲ್ಲಬೇಕು. ಆಳಕ್ಕೆ ಹೋದರೆ ಮೊಳೆಯುವುದಿಲ್ಲ. ಸ್ಥಳೀಯ ಹುಲ್ಲು ಇನ್ನೂ ಚೆನ್ನಾಗಿರುವ ಕಾವಲಿಗೆ ಮಾತ್ರ ಹೊರಗಿನ ಯಾವ ಬೀಜವನ್ನೂ ಒಯ್ಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸಗಣಿ ಕಾವಲಿನಲ್ಲೇ ಬಿದ್ದರೂ ಅದು ಮಣ್ಣಿನೊಳಗೆ ಹೋಗಬೇಕಲ್ಲ? ಮಳೆಗಾಲದಲ್ಲಿ ಆ ಕೆಲಸ ಮಾಡುವುದು ಸಗಣಿ ಹುಳು. ಹೊಸ ಸಗಣಿಯನ್ನು ಉಂಡೆ ಕಟ್ಟಿ ಉರುಳಿಸಿಕೊಂಡು ಹೋಗುವವು ಕೆಲವು, ಸಗಣಿಯ ಕೆಳಗೇ ಬಿಲ ತೋಡಿ ಒಳಗೆ ಎಳೆದುಕೊಳ್ಳುವವು ಕೆಲವು. ಎರಡು ದಿನದ ಸಗಣಿಯನ್ನು ಕಡ್ಡಿಯಿಂದ ಮಗುಚಿ ನೋಡಿ. ಕೆಳಗೆ ಪೆನ್ಸಿಲ್ ತೂರುವಷ್ಟು ಅಗಲದ ತೂತುಗಳೂ ಪಕ್ಕದಲ್ಲಿ ಹೊಸ ಮಣ್ಣಿನ ಗುಡ್ಡೆಯೂ ಇದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಸಗಣಿ ಹಾಗೇ ಒಣಗಿ ತಟ್ಟೆಯಂತಾಗಿದ್ದರೆ, ಅದೂ ಮಳೆಗಾಲದಲ್ಲಿ, ಔಷಧದ ಬಗ್ಗೆ ವಿಚಾರಿಸಿ. ಹೊಟ್ಟೆಹುಳುವಿಗೂ ಉಣ್ಣೆಗೂ ಕೊಡುವ ಐವರ್ಮೆಕ್ಟಿನ್ ಸಗಣಿಯಲ್ಲಿ ಹೊರಬಂದು ಆ ಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಫೆನ್‌ಬೆಂಡಜೋಲ್, ಆಲ್ಬೆಂಡಜೋಲ್ ಗುಂಪಿನ ಔಷಧಗಳಿಂದ ಈ ತೊಂದರೆ ಬಹಳ ಕಡಿಮೆ. ಯಾವುದು ಸಾಕಾಗುತ್ತದೆ ಎಂದು ಪಶುವೈದ್ಯರನ್ನು ಕೇಳಿ ನಿರ್ಧರಿಸಬೇಕು. ಐವರ್ಮೆಕ್ಟಿನ್ ಕೊಡಲೇಬೇಕಾದರೆ ಆಮೇಲೆ ಒಂದೆರಡು ವಾರ ದನವನ್ನು ಕೊಟ್ಟಿಗೆಯಲ್ಲೇ ಮೇಯಿಸುವುದು ಒಳ್ಳೆಯದು.

ಗೊರಸಿನ ತುಳಿತದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಿಂತ ದನದ ಗೊರಸು ಚದರ ಸೆಂ.ಮೀ.ಗೆ 1ರಿಂದ 2 ಕೆಜಿ ಒತ್ತಡ ಹಾಕುತ್ತದೆ. ಒಣ ಮಣ್ಣು ಅದನ್ನು ತಡೆದುಕೊಳ್ಳುತ್ತದೆ, ಹಸಿ ಮಣ್ಣು ತಡೆಯುವುದಿಲ್ಲ. ಮೇಲಿನ ಐದ್ಹತ್ತು ಸೆಂ.ಮೀ. ಗಟ್ಟಿಯಾಗಿ ಗಾಳಿ-ನೀರಿನ ದಾರಿ ಮುಚ್ಚುತ್ತದೆ. ಜೋರು ಮಳೆ ಬಂದ ಮಾರನೆಯ ಒಂದೆರಡು ದಿನ ಕಪ್ಪು ಮಣ್ಣಿನ ಕಾವಲಿಗೆ ದನ ಬಿಡದಿದ್ದರೆ ಇದರ ಬಹುಪಾಲು ತಪ್ಪುತ್ತದೆ.

ಪೂರ್ತಿ ಬೇಲಿ ಹಾಕಿದರೆ?

ಮೊದಲ ಎರಡು-ಮೂರು ವರ್ಷ ಹುಲ್ಲು ಚೇತರಿಸಿಕೊಳ್ಳುತ್ತದೆ, ನೋಡಲು ಸಂತೋಷವಾಗುತ್ತದೆ. ಆಮೇಲೆ ಹಳೆಯ ಹುಲ್ಲು ಬೂದು ಬಣ್ಣಕ್ಕೆ ತಿರುಗಿ ನಿಂತಲ್ಲೇ ಒಣಗಿ, ಬುಡಕ್ಕೆ ಬಿಸಿಲು ಬೀಳದೆ ಹೊಸ ತೆಂಡೆ ಕಡಿಮೆಯಾಗುತ್ತದೆ. ಬಳ್ಳಾರಿ ಜಾಲಿ, ಲಂಟಾನ ನುಗ್ಗುತ್ತವೆ. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಒಣಗಿ ನಿಂತದ್ದೆಲ್ಲ ಒಂದೇ ದಿನಕ್ಕೆ ಹೋಗುತ್ತದೆ.

ಈ ವಿಷಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಿಮಾಚಲದ ಸ್ಪಿತಿ ಕಣಿವೆಯಲ್ಲಿ ಮಾಡಿದ ಕೆಲಸ ಗಮನಿಸಬೇಕಾದದ್ದು. ಸುಮಂತ ಬಾಗ್ಚಿ ಮತ್ತು ಅವರ ಸಂಗಡಿಗರು ಬೇಲಿ ಹಾಕಿದ ತುಂಡುಗಳನ್ನೂ ಪಕ್ಕದ ಮೇಯುವ ತುಂಡುಗಳನ್ನೂ 16 ವರ್ಷ ಹೋಲಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಲಿಯೊಳಗಿನ ಮಣ್ಣಿನ ಇಂಗಾಲ ವರ್ಷದಿಂದ ವರ್ಷಕ್ಕೆ ಏರಿಳಿಯುವ ಪ್ರಮಾಣ ಹೊರಗಿನದಕ್ಕಿಂತ ಶೇ. 30ರಿಂದ 40 ಹೆಚ್ಚಿತ್ತು. ಮೇಯುವ ಪ್ರಾಣಿಗಳು ಇಲ್ಲವಾದಾಗ ಇಂಗಾಲದ ಸ್ಥಿರತೆ ತಪ್ಪುತ್ತದೆ, ಸಾರಜನಕದ ಚಲನೆಯಲ್ಲಾಗುವ ಬದಲಾವಣೆ ಅದಕ್ಕೆ ಮುಖ್ಯ ಕಾರಣ ಎಂದರು. ಅದೇ ತಂಡ ಮರುವರ್ಷ ಇನ್ನೊಂದು ಮುಖವನ್ನೂ ತೋರಿಸಿತು. ಐಬೆಕ್ಸ್‌, ಭರಲ್‌ನಂಥ ಕಾಡುಪ್ರಾಣಿ ಮೇಯುವ ಜಾಗಕ್ಕಿಂತ ಸಾಕುಪ್ರಾಣಿ ಮೇಯುವ ಜಾಗದ ಮಣ್ಣಿನಲ್ಲಿ ಇಂಗಾಲ ಕಡಿಮೆ. ಅಲ್ಲಿನ ಸೂಕ್ಷ್ಮಜೀವಿಗಳು ತಿಂದದ್ದನ್ನು ಮೈಗೂಡಿಸಿಕೊಳ್ಳುವುದು ಕಡಿಮೆ, ಉಸಿರಾಗಿ ಬಿಡುವುದು ಹೆಚ್ಚು. ಟೆಟ್ರಾಸೈಕ್ಲಿನ್‌ನಂಥ ಪಶು ಔಷಧಗಳ ಉಳಿಕೆ ಇದಕ್ಕೆ ಒಂದು ಕಾರಣವಾಗಿರಬಹುದು ಎಂದು ಅವರು ಸೂಚಿಸಿದರು. ನಾಲ್ಕು ಸಾವಿರ ಮೀಟರ್ ಎತ್ತರದ ಶೀತ ಮರುಭೂಮಿಯ ಅಂಕಿಯನ್ನು ಚಳ್ಳಕೆರೆಗೆ ತಂದು ಅಂಟಿಸುವಂತಿಲ್ಲ. ಆದರೂ ಬೇಲಿಯೊಂದೇ ಪರಿಹಾರ ಎನ್ನುವವರೂ, ದನ ಬಿಟ್ಟರೆ ಸಾಕು ಎನ್ನುವವರೂ ಈ ಎರಡು ಫಲಿತಾಂಶಗಳನ್ನು ಜೊತೆಗಿಟ್ಟು ಓದಬೇಕು.

ಹುಲ್ಲುಗಾವಲನ್ನು ‘ಪಾಳು ಭೂಮಿ’ ಎಂದು ಬರೆದುಕೊಂಡು ಯಂತ್ರದಿಂದ ಟ್ರೆಂಚ್ ಹೊಡೆದು ಗಿಡ ನೆಡುವುದಂತೂ ಮಣ್ಣಿಗೆ ಮೇಯಿಸುವುದಕ್ಕಿಂತ ದೊಡ್ಡ ಪೆಟ್ಟು. ದಶಕಗಳಿಂದ ಜೇಡಿಗೆ ಅಂಟಿ ಕೂತಿದ್ದ ಇಂಗಾಲ ಗಾಳಿಗೆ ತೆರೆದುಕೊಂಡು ಕರಗಲು ಶುರುವಾಗುತ್ತದೆ.

ಹಾಗಾದರೆ ಮೇಯಿಸುವುದು ಹೇಗೆ

ಮೊದಲು ಹುಲ್ಲೆಷ್ಟಿದೆ ಎಂದು ಅಳೆಯಿರಿ. ಮಳೆಗಾಲ ಮುಗಿಯುವಾಗ ಒಂದು ಮೀಟರ್ ಉದ್ದಗಲದ ಚೌಕಟ್ಟು ಹಿಡಿದು ಕಾವಲಿನ ಉದ್ದಕ್ಕೂ ನಡೆದು, ಕಣ್ಣಿಗೆ ಚೆಂದ ಕಂಡ ಕಡೆಯಲ್ಲ, ಇಂತಿಷ್ಟು ಹೆಜ್ಜೆಗೊಂದು ಎಂದು 15-20 ಕಡೆ ಹಾಕಿ. ಒಳಗಿನ ಹುಲ್ಲನ್ನು ಬುಡಮಟ್ಟ ಕೊಯ್ದು, ನೆರಳಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ ತೂಗಿ. ಸರಾಸರಿ ಗ್ರಾಂ ಅನ್ನು 10ರಿಂದ ಗುಣಿಸಿದರೆ ಹೆಕ್ಟೇರಿಗೆ ಕೆಜಿ, 4ರಿಂದ ಗುಣಿಸಿದರೆ ಎಕರೆಗೆ ಕೆಜಿ. 200 ಗ್ರಾಂ ಬಂದರೆ ಎಕರೆಗೆ 800 ಕೆಜಿ. ಅದರಲ್ಲಿ ಅರ್ಧ ಮಾತ್ರ ದನದ್ದು, ಅರ್ಧ ಮಣ್ಣಿನದು. ಆರೂಕಾಲು ಕೆಜಿ ತಿನ್ನುವ ಹಸುವಿಗೆ 400 ಕೆಜಿ ಎಂದರೆ 64 ದಿನದ ಮೇವು. ವರ್ಷವಿಡೀ ಒಂದು ಹಸು ಕಾವಲನ್ನೇ ನಂಬಿದರೆ ಐದೂಮುಕ್ಕಾಲು ಎಕರೆ ಬೇಕು. 30 ಕೆಜಿಯ ಕುರಿ ದಿನಕ್ಕೆ 900 ಗ್ರಾಂ ತಿನ್ನುತ್ತದೆ ಎಂದು ಹಿಡಿಯಿರಿ. ಏಳು ಕುರಿ ಒಂದು ಹಸುವಿಗೆ ಸಮ. ಬರಗಾಲದ ವರ್ಷ ಈ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಹೋದ ವರ್ಷದ ಮಂದೆಯನ್ನು ಈ ವರ್ಷದ ಹುಲ್ಲಿನ ಮೇಲೆ ಬಿಡುವುದೇ ಹೆಚ್ಚು ಕಡೆ ಆಗುವ ತಪ್ಪು.

ಕಾವಲನ್ನು ಹಳ್ಳ, ಬದು, ದಾರಿಗಳ ಗುರುತಿನಿಂದ ನಾಲ್ಕು ಭಾಗ ಮಾಡಿ. ತಂತಿ ಬೇಲಿ ಬೇಡ; ಕಾಯುವವರು ಇದ್ದಲ್ಲಿ ಗುರುತು ಸಾಕು. ಒಂದು ಭಾಗಕ್ಕೆ ಮೊದಲ ಮಳೆಯಿಂದ ಬೀಜ ಉದುರುವವರೆಗೆ, ಅಂದರೆ ಸರಿಸುಮಾರು ಜೂನ್‌ನಿಂದ ನವೆಂಬರ್‌ವರೆಗೆ, ಪೂರ್ತಿ ಬಿಡುವು. ಮುಂದಿನ ವರ್ಷ ಬಿಡುವು ಇನ್ನೊಂದಕ್ಕೆ. ನಾಲ್ಕು ವರ್ಷಕ್ಕೆ ಎಲ್ಲವಕ್ಕೂ ಒಂದೊಂದು ಸರದಿ. ಉಳಿದ ಮೂರರಲ್ಲೂ ಮೊದಲ ಮಳೆಯಾದ ನಾಲ್ಕರಿಂದ ಆರು ವಾರ ದನ ಬಿಡದಿದ್ದರೆ ಬಹಳ ಒಳ್ಳೆಯದು. ಈ ಅವಧಿಯೇ ಅತಿ ಕಷ್ಟದ್ದು, ಏಕೆಂದರೆ ಆಗಲೇ ಮನೆಯಲ್ಲಿ ಮೇವು ತೀರಿರುತ್ತದೆ. ಈ ಐದಾರು ವಾರಕ್ಕೆಂದೇ ರಾಗಿಹುಲ್ಲು, ಜೋಳದ ಸಪ್ಪೆ ತೆಗೆದಿಡದೆ ಯೋಜನೆ ಹಾಕಿದರೆ ಅದು ಕಾಗದದಲ್ಲೇ ಉಳಿಯುತ್ತದೆ. ಬೆಳೆಯುವ ಕಾಲದಲ್ಲಿ ಈ ಭಾಗಗಳೊಳಗಿನ ಒಂದೇ ತುಣುಕಿನಲ್ಲಿ ಮೂರರಿಂದ ಐದು ದಿನಕ್ಕಿಂತ ಹೆಚ್ಚು ನಿಲ್ಲಿಸಬೇಡಿ. ಐದನೆಯ ದಿನದ ಹೊತ್ತಿಗೆ ಮೊದಲ ದಿನ ಕಚ್ಚಿದ ಹುಲ್ಲು ಹೊಸ ಚಿಗುರು ಬಿಟ್ಟಿರುತ್ತದೆ, ದನ ಮತ್ತೆ ಅದನ್ನೇ ಹುಡುಕಿ ಕಚ್ಚುತ್ತದೆ. ಮತ್ತೆ ಅಲ್ಲಿಗೆ ಬರುವುದು 30ರಿಂದ 45 ದಿನದ ಮೇಲೆ. ಒಣ ಕಾಲದಲ್ಲಿ ನಾಲ್ಕು ಬೆರಳು ಎತ್ತರದ ಕೂಳೆ ಉಳಿಯುವವರೆಗೆ ಮಾತ್ರ ಮೇಯಿಸಿ.

ನೀರಿನ ತೊಟ್ಟಿ ಒಂದೇ ಇದ್ದರೆ ಅದರ ಸುತ್ತಲಿನ ನೆಲ ಬೋಳಾಗುತ್ತದೆ, ದೂರದ ಹುಲ್ಲು ಮುಟ್ಟದೆ ಉಳಿಯುತ್ತದೆ. ಉಪ್ಪಿನ ಗಡ್ಡೆಯನ್ನು ನೀರಿನ ಪಕ್ಕದಲ್ಲಿ ಇಡದೆ ದೂರದ, ಹುಲ್ಲು ಹೆಚ್ಚಿರುವ ಕಡೆ ಇಟ್ಟರೆ ಮಂದೆ ತಾನೇ ಹರಡಿಕೊಳ್ಳುತ್ತದೆ. ವರ್ಷದಲ್ಲಿ ಕೆಲವು ರಾತ್ರಿಗಳಾದರೂ ಕುರಿ ಹಟ್ಟಿಯನ್ನು ಕಾವಲಿನ ಬೋಳು ತುಣುಕುಗಳ ಮೇಲೆ ಹಾಕಿ, ಎರಡು-ಮೂರು ರಾತ್ರಿಗೊಮ್ಮೆ ಜಾಗ ಬದಲಿಸಿ. ಹೆಚ್ಚು ರಾತ್ರಿ ಒಂದೇ ಕಡೆ ಇದ್ದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗಿ, ಆಮೇಲೆ ಅಲ್ಲಿ ಕಳೆಯಷ್ಟೇ ಹುಟ್ಟುತ್ತದೆ.

ಅಳೆಯುವಾಗ ಆಗುವ ಮೋಸ

ಮೇಯಿಸಿದ ಜಾಗದ ಮಣ್ಣು ತುಳಿತಕ್ಕೆ ಗಟ್ಟಿಯಾಗಿ ಘನ ಮೀಟರಿಗೆ 1.4 ಟನ್ನಿನ ಬದಲು 1.55 ಟನ್ ತೂಗುತ್ತದೆ ಎನ್ನಿ. ಶೇಕಡಾವಾರು ಅದೇ 0.6 ಇದ್ದರೂ 30 ಸೆಂ.ಮೀ.ಗೆ ಲೆಕ್ಕ ಹಾಕಿದರೆ 25ರ ಬದಲು ಸುಮಾರು 28 ಟನ್ ಬರುತ್ತದೆ. ಇಂಗಾಲ ಹೆಚ್ಚಿದ್ದಲ್ಲ, ಅದೇ ಆಳದಲ್ಲಿ ಹೆಚ್ಚು ಮಣ್ಣು ತುಂಬಿದ್ದು. ಹೋಲಿಸುವಾಗ ಸಮ ಆಳವನ್ನಲ್ಲ, ಸಮ ತೂಕದ ಮಣ್ಣನ್ನು ಹೋಲಿಸಬೇಕು. ಇದಕ್ಕಾಗಿ 5 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರದ ಉಕ್ಕಿನ ಬಳೆಯನ್ನು ಮಣ್ಣಿಗೆ ಇಳಿಸಿ, ಎರಡೂ ಕಡೆ ಚಾಕುವಿನಿಂದ ಸಮ ಮಾಡಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತೂಗಬೇಕು. ಬಳೆಯ ಗಾತ್ರ 98 ಘನ ಸೆಂ.ಮೀ.; ತೂಕವನ್ನು ಅದರಿಂದ ಭಾಗಿಸಿದರಾಯಿತು. 2 ಮಿ.ಮೀ.ಗಿಂತ ದೊಡ್ಡ ಕಲ್ಲಿದ್ದರೆ ಅದರ ತೂಕವನ್ನೂ ಗಾತ್ರವನ್ನೂ ಕಳೆಯಬೇಕು. ನಮ್ಮ ಕೆಂಪು ಗರಸು ನೆಲದಲ್ಲಿ ಇದನ್ನು ಬಿಟ್ಟರೆ ಲೆಕ್ಕ ಪೂರ್ತಿ ಹಾಳು.

ಮಾದರಿಯನ್ನು 0-5, 5-15, 15-30 ಸೆಂ.ಮೀ. ಎಂದು ಮೂರು ಪದರದಲ್ಲಿ ಬೇರೆ ಬೇರೆ ತೆಗೆಯಿರಿ. ಸಗಣಿ ಬಿದ್ದ ಜಾಗ, ಹುತ್ತ, ಮರದ ನೆರಳು, ದನದ ಕಾಲುದಾರಿ ಬಿಡಬೇಕು. ಪ್ರಯೋಗಾಲಯದಲ್ಲಿ ಹೆಚ್ಚಾಗಿ ಮಾಡುವ ವಾಕ್ಲಿ-ಬ್ಲ್ಯಾಕ್ ಪರೀಕ್ಷೆ ಇಂಗಾಲದ ಮುಕ್ಕಾಲು ಭಾಗದಷ್ಟನ್ನೇ ಸುಡುತ್ತದೆ. ಚೀಟಿಯ ಸಂಖ್ಯೆಯನ್ನು 1.3ರಿಂದ ಗುಣಿಸಿ ಕೊಟ್ಟಿದ್ದಾರೆಯೇ ಎಂದು ಕೇಳಿ, ಇಲ್ಲದಿದ್ದರೆ ಎರಡು ಪ್ರಯೋಗಾಲಯಗಳ ವರದಿ ಹೋಲಿಸುವಾಗ ಎಡವುತ್ತೀರಿ. ಒಲೆಯಲ್ಲಿ ಪೂರ್ತಿ ಸುಡುವ ಯಂತ್ರದಲ್ಲಿ ಪರೀಕ್ಷಿಸಿದರೆ ಕಪ್ಪು ಮಣ್ಣಿನ ಸುಣ್ಣದ ಹರಳಿನಲ್ಲಿರುವ ಇಂಗಾಲವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದನ್ನು ಮೊದಲು ಆಮ್ಲ ಹಾಕಿ ತೆಗೆಯಬೇಕು.

ಕೆಟ್ಟ ಕಾವಲು ಸುಧಾರಿಸುವಾಗ ವರ್ಷಕ್ಕೆ ಹೆಕ್ಟೇರಿಗೆ 0.1ರಿಂದ 0.3 ಟನ್ ಇಂಗಾಲ ಸೇರಿದರೆ ಅದೇ ಒಳ್ಳೆಯ ಗಳಿಕೆ. 25 ಟನ್ನಿನ ಎದುರು ಇದು ಶೇ. 1ರ ಆಸುಪಾಸು. ಒಂದೇ ಕಾವಲಿನ ಎರಡು ಗುಂಡಿಗಳ ನಡುವಿನ ವ್ಯತ್ಯಾಸವೇ ಇದಕ್ಕಿಂತ ಹೆಚ್ಚಿರುತ್ತದೆ. ಹಾಗಾಗಿ ಎರಡೇ ವರ್ಷದಲ್ಲಿ ಮಣ್ಣಿನ ಇಂಗಾಲ ಏರಿತು ಎಂದು ತೋರಿಸಿ ಕಾರ್ಬನ್ ಹಣದ (ಮಣ್ಣಲ್ಲಿ ಇಂಗಾಲ ಹಿಡಿದಿಟ್ಟದ್ದಕ್ಕೆ ಸಿಗುವ ಹಣದ) ಮಾತಾಡುವವರನ್ನು ನಂಬಬೇಡಿ. ಅಲ್ಲದೆ ಮಣ್ಣು ಕೆಲವು ದಶಕಗಳಲ್ಲಿ ತನ್ನ ಮಿತಿ ಮುಟ್ಟುತ್ತದೆ, ಆಮೇಲೆ ಗಳಿಕೆ ನಿಲ್ಲುತ್ತದೆ. ದನದ ಮೀಥೇನ್ ಮಾತ್ರ ದನ ಇರುವವರೆಗೂ ಇರುತ್ತದೆ. ಕಾವಲು ಉಳಿಸಿಕೊಳ್ಳಲು ಮೇವು, ನೀರು ಇಂಗುವಿಕೆ, ಕೃಷ್ಣಮೃಗ, ಎರ್ಲಡ್ಡು ಹಕ್ಕಿ ಇವೇ ಸಾಕಷ್ಟು ಕಾರಣಗಳು. ಮೊದಲ ಮಾದರಿ ತೆಗೆದ ಜಾಗಗಳಿಗೆ ಕಲ್ಲು ನೆಟ್ಟು ಗುರುತು ಮಾಡಿ, ಮೊಬೈಲಿನಲ್ಲಿ ಜಿಪಿಎಸ್ ಅಂಕಿ ಬರೆದಿಟ್ಟು, ಐದು ವರ್ಷದ ಮೇಲೆ ಅದೇ ತಿಂಗಳಲ್ಲಿ, ಅದೇ ಪದರಗಳಿಂದ, ಅದೇ ಪ್ರಯೋಗಾಲಯಕ್ಕೆ ಮತ್ತೆ ಕಳಿಸಿ. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಚೌಕಟ್ಟು ಹಾಕಿ ಹುಲ್ಲು ತೂಗುವುದು, ಬೋಳು ನೆಲ ನೂರು ಹೆಜ್ಜೆಗೆ ಎಷ್ಟು ಹೆಜ್ಜೆ ಸಿಗುತ್ತದೆ ಎಂದು ಎಣಿಸುವುದು, ಇಷ್ಟನ್ನು ಬರೆದಿಟ್ಟುಕೊಂಡರೆ ಮಣ್ಣು ಯಾವ ಕಡೆಗೆ ಹೊರಟಿದೆ ಎಂಬುದು ಪರೀಕ್ಷೆಯ ಚೀಟಿಗಿಂತ ಮೊದಲೇ ಗೊತ್ತಾಗುತ್ತದೆ.